ಶಿವರತ್ನಮ್ಮನ ನಾಲಗೆ, ಶಿವರತ್ನಮ್ಮನ ಬೆರಳು

ಕೊಳ್ಳೇಗಾಲದ ಬಸ್ ನಿಲ್ದಾಣದ ಹಿಂದೆ ಬ್ಯೂಟಿ ಪಾರ್ಲರ್ ಇಟ್ಟಿರುವ ಶಿವರತ್ನಮ್ಮನ ಬೆರಳು ಬೆಣ್ಣೆ, ನಾಲಗೆ ಮಾತ್ರ ಸೀಗೇಕಾಯಿ. ಚರ್ಮದ ವಿಷಯದಲ್ಲಿ ಆಕೆ ಇಪ್ಪತ್ತು ವರ್ಷದಿಂದ ಒಂದೇ ಒಂದು ಸುಳ್ಳು ಹೇಳಿದವಳಲ್ಲ. ಮೊಡವೆಗೆ ಟೂತ್‌ಪೇಸ್ಟ್ ಮೆತ್ತಿಕೊಂಡು ಬಂದ ಕಾಲೇಜು ಹುಡುಗಿಗೆ, "ಅಲ್ಲು ಎಲ್ಲೈತೆ ಅಂತ ಗೊತ್ತಿಲ್ವೇನವ್ವ?" ಎನ್ನುತ್ತಾಳೆ. ಮಾದಪ್ಪನ ಬೆಟ್ಟದಲ್ಲಿ ಮುಡಿ ಕೊಟ್ಟು ನೇರ ಇಲ್ಲಿಗೇ ಬಂದ ಯಳಂದೂರಿನ ಟೀಚರಮ್ಮ, ಕ್ರೀಮು ಎಲ್ಲಿಯವರೆಗೆ ಹಚ್ಚುತ್ತೀರಿ ಎಂದು ಕೇಳಿದರೆ, "ಮಾದಪ್ಪ ಎಲ್ಲಿವರ್ಗೂ ಬುಟ್ಟವ್ನೋ ಅಲ್ಲಿವರ್ಗೂ." ನಾಳೆಯೊಳಗೆ ಬೆಳ್ಳಗಾಗಬೇಕು ಎಂದವರಿಗೆ, "ಸುಣ್ಣ ಮಾರೋ ಅಂಗ್ಡಿ ಅತ್ತಗೈತೆ" ಎಂದು ದಾರಿ ತೋರಿಸುತ್ತಾಳೆ. ಕೆನ್ನೆಯ ಮೇಲೆ ಕಪ್ಪು ಬಂಗು ಕಂಡರಂತೂ ಮೊದಲೇ ತೀರ್ಪು: "ಇದು ಒಂದಿನಕ್ಕೆ ಓಗಲ್ಲ, ಆಸೆ ಬುಟ್ಟು ಕೂತ್ಕಳಿ." ಮೊನ್ನೆ ಹೂಗ್ಯಂನಿಂದ ಮದುವಣಗಿತ್ತಿಯ ಜೊತೆ ಬಂದ ತಾಯಿ ಪುಟ್ಟಗೌರಮ್ಮನಿಗೂ ಅದನ್ನೇ ಹೇಳಿದಳು. "ನಾಳೆ ಬೀಗ್ರ ಮುಂದೆ ಈ ಮಕ ಒತ್ಕಂಡು ನಿಂತ್ಕಬೇಕಲ್ಲವ್ವ" ಎನ್ನುತ್ತ ಪುಟ್ಟಗೌರಮ್ಮ ಮಗಳ ಬಲವಂತಕ್ಕೆ ಕುರ್ಚಿಯಲ್ಲಿ ಒರಗಿದಳು. ಹಣೆಗೆ ಬೆರಳು ತಾಗಿದ್ದೇ ತಡ, ಬಿಸಿಲಲ್ಲಿ ಕಳೆ ಕಿತ್ತು ದಣಿದ ಆ ಜೀವ ಗೊರಕೆ ಹೊಡೆಯತೊಡಗಿತು. ಅರ್ಧ ಗಂಟೆಯ ಮೇಲೆ ಯಾರನ್ನೂ ಕೂರಿಸದ ಶಿವರತ್ನಮ್ಮ, ಬೆಂಚಿನ ಮೇಲೆ ಕಾಯುತ್ತಿದ್ದ ಮೂವರಿಗೆ ಸದ್ದು ಮಾಡಬೇಡಿ ಎಂದು ಸನ್ನೆ ಮಾಡಿ, ಒಂದೂವರೆ ಗಂಟೆ ಆ ಕೆನ್ನೆಗಳನ್ನು ನೀವುತ್ತಲೇ ಇದ್ದಳು. ಎಚ್ಚರವಾದ ಪುಟ್ಟಗೌರಮ್ಮ ಕನ್ನಡಿ ನೋಡಿಕೊಂಡು, "ಬಂಗು ವಸಿ ಓದಂಗೈತೆ, ಅಲ್ವಾ?" ಎಂದಳು. ಬಂಗು ಇದ್ದಲ್ಲೇ ಇತ್ತು. "ವಸಿ ಏನಕ್ಕ, ಪೂರ್ತಿ ಓಯ್ತು" ಎಂದ ಶಿವರತ್ನಮ್ಮ, ಬೆಂಚಿನತ್ತ ತಿರುಗಿ ಕಣ್ಣು ಕೆಕ್ಕರಿಸಿದಳು. ಮೂವರೂ ಒಟ್ಟಿಗೇ ತಲೆಯಾಡಿಸಿದರು: "ಓಯ್ತು, ಓಯ್ತು."