ಸಾವನೇರಿಗೆ ಹೋದ ಸೋಲು

ಎಂಬತ್ತರ ದಶಕದಲ್ಲಿ ನಾನು ನಾಗಪುರದ ಒಂದು ಮರಾಠಿ ದೈನಿಕದಲ್ಲಿ ಕ್ರೀಡಾ ವರದಿಗಾರನಾಗಿದ್ದೆ. ಅಪ್ಪನ ರೈಲ್ವೆ ವರ್ಗಾವಣೆ ನಮ್ಮನ್ನು ಹುಬ್ಬಳ್ಳಿಯಿಂದ ಅಲ್ಲಿಗೆ ತಂದಿತ್ತು. ಮನೆಯಲ್ಲಿ ಕನ್ನಡ, ಹೊಟ್ಟೆಪಾಡಿಗೆ ಮರಾಠಿ. ಬಾಕ್ಸಿಂಗಿನ ಜ್ಞಾನ ನನಗೆ ಅಷ್ಟಕ್ಕಷ್ಟೇ. ಆದರೂ ವೃತ್ತಿಪರ ಬಾಕ್ಸಿಂಗ್ ಊರಿಗೆ ಬಂದಾಗ ನನ್ನನ್ನೇ ಕಳಿಸಿದರು.

ಆ ಸಂಜೆಯ ಕೊನೆಯ ಜೋಡಿಯಲ್ಲಿ ಒಬ್ಬ ಸಾವನೇರ್ ಹತ್ತಿರದ ಕಲ್ಲಿದ್ದಲು ಗಣಿಯ ಕೆಲಸಗಾರ, ಬಿಜಾಪುರದ ಕಡೆಯವನು. ಕೈಗೆ ಪಟ್ಟಿ ಸುತ್ತಿಸಿಕೊಳ್ಳುತ್ತ, ನನ್ನ ಮರಾಠಿಯ ಧಾಟಿ ಕೇಳಿಯೇ “ನೀವು ನಮ್ಮ ಕಡೆಯವರೇನ್ರಿ?” ಎಂದ. ಹೌದೆಂದೆ. “ಹಂಗಾರ ಚಲೋ ಬರೀರಿ” ಎಂದು ನಕ್ಕ. ಅಲ್ಲೇ ನನಗೆ ಅಳುಕು ಹುಟ್ಟಿತು. ನಮ್ಮವನೆಂದು ಹೊಗಳಿದೆ ಅಂತ ಯಾರೂ ಅನ್ನಬಾರದು.

ಆರನೇ ಸುತ್ತಿನಲ್ಲಿ ಅವನ ಹುಬ್ಬು ಸೀಳಿತು. ರೆಫರಿ ಕೈ ಅಡ್ಡ ಹಿಡಿದು ಆಟ ನಿಲ್ಲಿಸಿದ. ಎದುರಾಳಿ ತೋಳೆತ್ತಿ ಕುಣಿದ. ಇನ್ನೇನು ಬೇಕು? ಹೊರ ಊರುಗಳಿಗೆ ಹೋಗುವ ಡಾಕ್ ಆವೃತ್ತಿ ಬೇಗ ಅಚ್ಚಾಗಿ ಬಸ್ಸು ಹತ್ತಬೇಕು. ನಾನು ಸೈಕಲ್ ತುಳಿದು ಕಚೇರಿಗೆ ಬಂದು, ಅವನು ಸೋತನೆಂದು ಬರೆದೆ. ಅಷ್ಟಕ್ಕೆ ಸುಮ್ಮನಿರಬಾರದೇ? ಮೊದಲಿನಿಂದಲೂ ಅವನ ಹೊಡೆತದಲ್ಲಿ ಜೀವವಿರಲಿಲ್ಲ ಎಂದೂ ಸೇರಿಸಿದೆ. ಅದು ನಿಜವಾಗಿರಲಿಲ್ಲ. ನಿಷ್ಪಕ್ಷಪಾತಿ ಎನ್ನಿಸಿಕೊಳ್ಳುವ ಚಪಲ, ಅಷ್ಟೇ.

ಡಾಕ್ ಕಟ್ಟುಗಳು ಹೊರಟ ಮೇಲೆ, ಪಂದ್ಯದ ಜಾಗದಲ್ಲೇ ಉಳಿದಿದ್ದ ನಮ್ಮ ಫೋಟೋಗ್ರಾಫರ್ ಫೋನ್ ಮಾಡಿದ. ಗಾಯ ಹೊಡೆತದಿಂದಲ್ಲ, ಎದುರಾಳಿಯ ತಲೆ ತಾಕಿ ಆದದ್ದಂತೆ. ಹಾಗಾದರೆ ಅಲ್ಲಿಯವರೆಗಿನ ಅಂಕ ನೋಡಬೇಕಂತೆ. ನೋಡಿದರೆ ಗಣಿಯವನೇ ಗೆದ್ದನಂತೆ. ಎಲ್ಲ ಅಂತೆಕಂತೆ! ಆದರೂ ನಗರದ ಆವೃತ್ತಿಗೆ ಗೆದ್ದನೆಂದು ತಿದ್ದಿ ಬರೆದೆ.

ಮೂರನೇ ದಿನ ಅವನು ಹುಬ್ಬಿಗೆ ಪಟ್ಟಿ ಅಂಟಿಸಿಕೊಂಡು, ಎರಡೂ ಪತ್ರಿಕೆ ಹಿಡಿದು ಕಚೇರಿಗೆ ಬಂದ.

“ನಾ ಗೆದ್ದೀನಿ ಅಂದ್ರ ಗಣಿಯೊಳಗ ಎಲ್ಲಾರೂ ನಗ್ತಾರ್ರಿ. ಶಹರದ ಪೇಪರ್ ತೋರಿಸಿದ್ರ, ಇದನ್ನ ಎಲ್ಲಿ ಛಾಪಿಸಿಕೊಂಡು ಬಂದಿ ಅಂತಾರ. ನಮ್ಮವ್ವನೂ ನನ್ನ ಮಾತು ನಂಬವಲ್ಲಳ್ರಿ.”

ಡಾಕ್ ಆವೃತ್ತಿಯಲ್ಲಿ ತಿದ್ದುಪಡಿ ಹಾಕೋಣ ಎಂದು ಸಂಪಾದಕರನ್ನು ಕೇಳಿದೆ. “ನಗರದಲ್ಲಿ ಬರೋಬರ್ ಬಂದಿದೆಯಲ್ಲ? ತಪ್ಪು ನಮ್ಮದಲ್ಲ, ಬಸ್ಸು ಜಲ್ದಿ ಹೋಯಿತು” ಎಂದರು. ಅವರ ಕೋಣೆಯಲ್ಲಿ ಅದು ಸರಿ ಅನ್ನಿಸಿತು. ಹೊರಗೆ ಬಂದು ಅವನ ಹುಬ್ಬು ನೋಡಿದಾಗ ಸರಿ ಅನ್ನಿಸಲಿಲ್ಲ. ತಲೆ ಗೊಂದಲದ ಗೂಡಾಯಿತು.

ಭಾನುವಾರ ನಾನೇ ಸಾವನೇರ್ ಬಸ್ಸು ಹತ್ತಿದೆ. ಗಣಿ ಕಾಲೊನಿಯ ಚಹಾದಂಗಡಿಯಲ್ಲಿ ಅವನ ಜೊತೆಗಾರರಿಗೆ ನಗರದ ವರದಿಯನ್ನು ಗಟ್ಟಿಯಾಗಿ ಓದಿದೆ. ತಪ್ಪು ನನ್ನದು ಎಂದೂ ಹೇಳಿದೆ. ಎಲ್ಲರೂ ತಲೆಯಾಡಿಸಿದರು. ಅಷ್ಟರಲ್ಲಿ ಅವನು “ಚಹಾ ತಗೋರಿ” ಎಂದ. ನಾನೂ ಕನ್ನಡದಲ್ಲೇ ಉತ್ತರಿಸಿದೆ. ಒಬ್ಬ ಇನ್ನೊಬ್ಬನ ಮುಖ ನೋಡಿ ನಕ್ಕ. “ಅಚ್ಛಾ! ತುಮಚಾಚ್ ಮಾಣೂಸ್!” ನಿಮ್ಮವನೇ ಅನ್ನಿ, ಎಂದು. ಯಾವ ಮಾತಿಗೆ ಹೆದರಿ ಅವನನ್ನು ತುಳಿದು ಬರೆದಿದ್ದೆನೋ ಅದೇ ಮಾತು. ನನಗೆ ನಾಚಿಕೆಯಾಯಿತು, ಸಿಟ್ಟೂ ಬಂತು. ಯಾರ ಮೇಲೆ ಎಂದು ತಿಳಿಯಲಿಲ್ಲ.

ಮನೆಯಲ್ಲಿ ಅವನ ತಾಯಿ ಎರಡೂ ಪತ್ರಿಕೆಗಳನ್ನು ಮುಂದೆ ಹರಡಿಕೊಂಡು ಕೂತರು. ಓದು ಬಾರದವರು.

“ಎರಡೂ ನೀವ ಬರದೀರೇನ್ರಿ?”

“ಹೌದವ್ವಾ.”

“ಕಣ್ಣಾರೆ ನೋಡಿ ಬರದದ್ದು ಯಾವುದ್ರಿ?”

ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತಾರೆ. ನಾನು ಕಣ್ಣಾರೆ ಕಂಡು ಬರೆದದ್ದು ಸೋಲು. ಗೆಲುವನ್ನು ಫೋನಿನಲ್ಲಿ ಕೇಳಿ ಬರೆದಿದ್ದೆ. ಈಗ ನಿಜ ಹೇಳಿದರೆ ಸುಳ್ಳೇ ಉಳಿಯುತ್ತದೆ.

ಗೆಲುವಿನ ಪತ್ರಿಕೆಯ ಮೇಲೆ ಬೆರಳಿಟ್ಟು “ಇದು” ಎಂದೆ.

ಆಕೆಯ ಮುಖ ಅರಳಿತು. ಮಗನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡರು. ಅದು ತಿದ್ದುಪಡಿಯೋ, ನನ್ನ ಎರಡನೇ ತಪ್ಪೋ, ಇಂದಿಗೂ ನನಗೆ ಗೊತ್ತಾಗಿಲ್ಲ. ಅವನು ಮಾತ್ರ ನನ್ನತ್ತ ನೋಡಲಿಲ್ಲ. ರೆಫರಿ ಅವನ ಕೈಯೆತ್ತಿ ಗೆದ್ದನೆಂದು ಸಾರಿದಾಗ ರಿಂಗಿನ ಪಕ್ಕದ ನನ್ನ ಕುರ್ಚಿ ಖಾಲಿಯಿದ್ದದ್ದನ್ನು ಅವನು ನೋಡಿದ್ದ.