ಮರಿಲಿಂಗಮ್ಮ ಬೇರೆ ಹಿಂಡಿಗೆ ಸೇರಿಸಿದ ಪ್ರೋಟೀನು

ಸುರಪುರದ ಕುರಿ ವ್ಯಾಪಾರಿ ಸಂಗಣ್ಣ ಮನುಷ್ಯರನ್ನೂ ಕಣ್ಣಲ್ಲೇ ತೂಗುತ್ತಾನೆ. ಅವನ ತೂಕದಲ್ಲಿ ಮರಿಲಿಂಗಮ್ಮ ಹೀಗೆ: ಕಡ್ಡಿಯಂಥ ಆಳು, ದಪ್ಪ ಕನ್ನಡಕ, ಫೋನು ಗುಂಯ್ ಎಂದರೂ ಬೆಚ್ಚುವ ಜೀವ. ಓಡಾಟಕ್ಕೆ ಸಾಲದು, ಹುಡುಕಾಟಕ್ಕೆ ಬಿಟ್ಟರೆ ಸೂಜಿಯನ್ನೂ ಬಿಡುವವಳಲ್ಲ.

ಕುರಿ ಕಾಯುವ ಅಂಬ್ರಪ್ಪನ ಮಗಳು. ಕಲಬುರಗಿಯಲ್ಲಿ ಎಂ.ಎಸ್ಸಿ. ಮುಗಿಸಿ, ಸಂಗಣ್ಣನ ಉಣ್ಣೆ ಅಂಗಡಿಯ ಮೇಲಿನ ಕೋಣೆಯಲ್ಲಿ ಕೂತು ಹೈದರಾಬಾದಿನ ಸಂಶೋಧಕರಿಗೆ ದುಡಿಯುತ್ತಿದ್ದಳು. ಕುರಿಯ ಬಾಯಿಗೆ ಹುಣ್ಣು ತರುವ, ಕುರಿ ಮುಟ್ಟುವವರ ಕೈಗೂ ಹತ್ತುವ ಒಂದು ವೈರಸ್ಸು. ಅದರ ಯಾವ ಪ್ರೋಟೀನು ಮನುಷ್ಯನ ಯಾವ ಪ್ರೋಟೀನಿಗೆ ಅಂಟುತ್ತದೆ ಎಂಬುದನ್ನು ಪ್ರಬಂಧಗಳಿಂದ ಹೆಕ್ಕಿ, ಸಾಲುಸಾಲಾಗಿ ಕಂಪ್ಯೂಟರಿನ ಪಟ್ಟಿಗೆ ಏರಿಸುವುದು ಅವಳ ಕೆಲಸ. ಔಷಧಿ ಹುಡುಕುವವರು ಆ ಪಟ್ಟಿ ನಂಬಿ ಪರೀಕ್ಷೆಗೆ ಇಳಿಯುತ್ತಿದ್ದರು.

ಕಾಲುವೆಗೆ ನೀರು ಬಿಟ್ಟ ವಾರದ ಶುಕ್ರವಾರ, ಹಳೆಯ ಪ್ರಬಂಧವೊಂದಕ್ಕೆ ಬೇರೆಯಾಗಿ ಲಗತ್ತಿಸಿದ್ದ ಪುಟಗಳನ್ನು ತೆರೆದಳು. ಪ್ರಬಂಧದೊಳಗೆ ಬರೀ ಪ್ರೋಟೀನಿನ ಹೆಸರಿತ್ತು. ಅದು ಮನುಷ್ಯನದೇ ಎಂದು ಏರಿಸಿದ್ದಳು. ಈ ಲಗತ್ತಿನ ಪುಟ ನೋಡಿದರೆ ಅದು ಕುರಿಯದು. ಹೆಸರು ಒಂದೇ, ಜೀವ ಬೇರೆ. ಅಂಥವು ಆರು ಸಾಲು. ಸೋಮವಾರ ಆ ಸಾಲುಗಳ ಮೇಲೆಯೇ ಪರೀಕ್ಷೆ ಶುರು. ಹೋದ ತಿಂಗಳು ಇದಕ್ಕಿಂತ ಸಣ್ಣ ತಪ್ಪಿಗೆ ಒಬ್ಬಳನ್ನು ಮನೆಗೆ ಕಳಿಸಿದ್ದರು.

ಚಹಾ ಹಿಡಿದು ಮೇಲೆ ಬಂದ ಸಂಗಣ್ಣ ಅವಳ ಮುಖ ನೋಡಿ ಕೇಳಿದ. ಕೇಳಿಸಿಕೊಂಡು ನಕ್ಕ.

"ಸಾವಿರ ಸಾಲಿನಾಗ ಆರು, ಯಾರು ನೋಡ್ತಾರವ್ವಾ? ಸಂತ್ಯಾಗ ನಾ ಕುರಿ ಹಲ್ಲು ನೋಡ್ತೀನಿ, ಅದರಪ್ಪನ ಹೆಸರು ಕೇಳ್ತೀನೇನು? ಸುಮ್ಮನಿರು."

ಸುಮ್ಮನಿರಲು ಅವಳಿಗೂ ಆಸೆಯಿತ್ತು. ಲ್ಯಾಪ್‌ಟಾಪ್ ಮುಚ್ಚಿ ಮನೆಗೆ ಹೋದಳು. ರೊಟ್ಟಿ ಮುರಿದು ಹಾಗೇ ಇಟ್ಟಳು. ಅಷ್ಟರಲ್ಲಿ ಅಂಬ್ರಪ್ಪ ಹಿಂಡು ಹಟ್ಟಿಗೆ ಹೊಡೆದು, ಒಂದು ಕುರಿಯನ್ನು ಹೆಗಲಿಗೇರಿಸಿ ಮತ್ತೆ ಹೊರಟ. ಕಾಲುವೆಯ ಸೇತುವೆ ಮೇಲೆ ಕೊಡೇಕಲ್ ಕಡೆಯವರ ಹಿಂಡು ಅವನದರೊಳಗೆ ಕೂಡಿತ್ತಂತೆ. ಬಿಡಿಸುವಾಗ ಇದೊಂದು ಈ ಕಡೆ ಬಂದಿದೆ. ಬಿಸಿಲು ಸುಡುತ್ತಿತ್ತು. ಎಣಿಕೆ ಸರಿಯಿದ್ದರೆ ನಾಳೆ ಹೋದರಾಯಿತು ಎಂದಳು ಮಗಳು.

"ಎಣಿಕಿ ಸರಿ ಅದ, ಕಿವಿ ಗುರುತು ಬ್ಯಾರೆ ಅದ," ಎಂದ ಅಂಬ್ರಪ್ಪ, ಹಿಂಡಿನ ಗುರುತಿಗೆಂದು ಕತ್ತರಿಸಿದ ಕಿವಿ ತೋರಿಸಿ. "ಎಣಿಕಿ ಸರಿ ಅದ ಅಂದ್ರ ನಮ್ದೊಂದು ಅವರ ಹಿಂಡಿನಾಗ ಒದರಾಕತ್ತದ ಅಂತಲ್ಲೇನವ್ವಾ?"

ಮರಿಲಿಂಗಮ್ಮ ಮತ್ತೆ ಅಂಗಡಿಯ ಮಾಳಿಗೆ ಹತ್ತಿದಳು. ತಪ್ಪು ತನ್ನದೆಂದು ಹೈದರಾಬಾದಿನ ಮೇಡಮ್ಮರಿಗೆ ಬರೆದು ಕಳಿಸಿದಳು. ಫೋನು ಬಂತು. ಎರಡು ಸಲ ಎತ್ತಲಾಗಲಿಲ್ಲ. ಮೂರನೆಯ ಸಲ ಗೋಡೆ ಹಿಡಿದು ಎತ್ತಿದಳು. ಮೇಡಮ್ಮರು ಬೈಯಲಿಲ್ಲ. ಇನ್ನೆಷ್ಟು ಪ್ರಬಂಧಗಳ ಲಗತ್ತಿನ ಪುಟ ನೋಡಿಲ್ಲ ಎಂದಷ್ಟೇ ಕೇಳಿದರು. ಪರೀಕ್ಷೆ ನಿಂತಿತು. ಮೂರು ವಾರ ಹುಡುಕಿ ಅವಳೇ ಇನ್ನೂ ಒಂಬತ್ತು ತಪ್ಪು ಸಾಲು ತೆಗೆದಳು.

ಕೆಲಸ ಉಳಿಯಿತು, ಅಂಜಿಕೆಯೂ ಉಳಿಯಿತು. ಈಗಲೂ ಫೋನು ಗುಂಯ್ ಎಂದರೆ ಅವಳ ಕೈ ಗೋಡೆಗೆ ಹೋಗುತ್ತದೆ.

ಸಂಗಣ್ಣ ಈಗ ಸಂತೆಯಲ್ಲಿ ಹಲ್ಲಿನ ಜೊತೆ ಕಿವಿಯ ಗುರುತನ್ನೂ ನೋಡುತ್ತಾನೆ. ಆದರೆ ಸುಮ್ಮನಿರು ಎಂದದ್ದು ತಪ್ಪಾಯಿತೆಂದು ಅವಳೆದುರು ಇನ್ನೂ ಹೇಳಿಲ್ಲ. ಇದನ್ನೆಲ್ಲ ಬರೆದ ನಾನೇ ಆ ಸಂಗಣ್ಣ; ಮರಿಲಿಂಗಮ್ಮನಿಗೆ ಆ ಒಂದು ಮಾತು ಹೇಳುವುದು ಇನ್ನೂ ಬಾಕಿ ಇದೆ.