ಅತ್ತಿಗೆಯ ‘ಚಾಲು’

ನನ್ನ ಅತ್ತಿಗೆ ಬದುಕಿರುವವರೆಗೆ ನಾನು ಒಂದು ನಿಜವನ್ನು ಬಾಯಿಬಿಟ್ಟು ಹೇಳಲಿಲ್ಲ. ಹೇಳಲು ಆಗಲಿಲ್ಲ ಎಂದು ಬರೆದರೆ ಅದು ಸರಿಯಲ್ಲ. ಆಗುತ್ತಿತ್ತು. ಒಂದೇ ಮನೆ, ಒಂದೇ ಒಲೆ, ಅವರ ಕೈಯ ರೊಟ್ಟಿಯನ್ನೇ ತಿಂದು ಮುದುಕನಾದವನು ನಾನು. ಹೇಳಲಿಲ್ಲ, ಅಷ್ಟೆ.

ಮೊನ್ನೆ ಅವರ ದಿವಸದ ಕಾರ್ಯಕ್ಕೆ ಬರುವವರನ್ನು ಊಟಕ್ಕೆ ಕೂರಿಸಲು ಜಾಗ ಬೇಕೆಂದು ಹಿತ್ತಲಿನ ಕೊಟ್ಟಿಗೆಯನ್ನು ಖಾಲಿ ಮಾಡಿಸುತ್ತಿದ್ದೆ. ಮೂಲೆಯಲ್ಲಿ ಹರಕು ಗೋಣಿಯಲ್ಲಿ ಸುತ್ತಿದ್ದ ಭಾರದ್ದೊಂದು ಕಾಲಿಗೆ ತಾಗಿತು. ಬಿಚ್ಚಿದರೆ ನಮ್ಮ ಹಳೆಯ ಲಾರಿಯ ಹ್ಯಾಂಡಲ್. ಲಾರಿಯ ಮೂತಿಯೊಳಗೆ ತೂರಿಸಿ, ಕೈಯಿಂದ ಸುತ್ತಿ ಇಂಜಿನ್ ಎಬ್ಬಿಸುವ ಸೊಟ್ಟ ಕಬ್ಬಿಣ. ಮೂಗಿನ ಹತ್ತಿರ ತಂದೆ. ಸೀಮೆಎಣ್ಣೆ, ತುಕ್ಕು, ಸುಟ್ಟ ಆಯಿಲ್... ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟೆ.

ನಾನು ಮೂರನೆಯ ಕ್ಲಾಸಿಗೆ ಶಾಲೆ ಬಿಟ್ಟವನು. ಬರೆದು ರೂಢಿಯಿಲ್ಲ. ಹಿಂದುಮುಂದಾದರೆ ಓದುವವರು ಸರಿಮಾಡಿಕೊಳ್ಳಬೇಕು.

ನಮ್ಮದು ಕುರುಗೋಡು. ಅಣ್ಣ ಬಳ್ಳಾರಿಯ ಒಂದು ಬಸ್ಸಿನ ಶೆಡ್ಡಿನಲ್ಲಿ ಕೆಲಸಕ್ಕಿದ್ದ. ಯುದ್ಧದ ಕಾಲಕ್ಕೆ ಪೆಟ್ರೋಲ್ ಸಿಗದೆ ಬಸ್ಸುಗಳು ಇದ್ದಿಲಿನ ಹೊಗೆಯಿಂದ ಓಡುತ್ತಿದ್ದವು. ಅದರ ಒಲೆ ಊದಿ ಊದಿ ಅಣ್ಣ ಮನೆಗೆ ಬಂದಾಗ ಕಣ್ಣು, ಹಲ್ಲು ಬಿಟ್ಟರೆ ಮಿಕ್ಕದ್ದೆಲ್ಲ ಕಪ್ಪು. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಬೇಡವಾದ ಸಾಮಾನುಗಳನ್ನು ಹರಾಜಿಗೆ ಹಾಕಿದರು. ಅದರಲ್ಲಿ ಯಾರೂ ಮುಟ್ಟದೆ ಉಳಿದ ಒಂದು ಸಣ್ಣ ಲಾರಿಯನ್ನು ಅಣ್ಣ ಅಗ್ಗಕ್ಕೆ ಹಿಡಿದ. ಮುಂದೆ ಇಬ್ಬರು ಕೂರುವ ಜಾಗ, ಹಿಂದೆ ತೆರೆದ ತೊಟ್ಟಿ. ಬಾಗಿಲು ಒಂದೇ ಇತ್ತು. ಕಾಲಿಡುವ ತಗಡನ್ನು ತುಕ್ಕು ತಿಂದು, ಕೂತರೆ ಕೆಳಗಿನ ನೆಲ ಕಾಣುತ್ತಿತ್ತು.

ಎರಡು ಜೋಡಿ ಎತ್ತು ಕಟ್ಟಿ ಅದನ್ನು ಬಳ್ಳಾರಿಯಿಂದ ಊರಿಗೆ ಎಳೆದುಕೊಂಡು ಬಂದೆವು. ಕೊಳಗಲ್ಲಿನ ಹತ್ತಿರ ಕಟ್ಟೆಯ ಮೇಲೆ ಕೂತಿದ್ದವರು ನಕ್ಕದ್ದೇ ನಕ್ಕದ್ದು.

“ಲೇ, ಎತ್ತು ದಣದಾವು, ಲಾರ್‍ಯಾಗ ಕುಂದರಸ್ರೋ!”

ಅಣ್ಣ ಸ್ಟೇರಿಂಗ್ ಹಿಡಿದು ಮದುಮಗನ ಹಾಗೆ ಕೂತಿದ್ದ. “ನಗ್ರಿ, ನಗ್ರಿ. ನಾಳೆ ನಿಮ್ಮ ಚೀಲ ಹೇರಾಕ ನನ್ನ ಮನಿ ಬಾಗಲಿಗೇ ಬರ್ತೀರಿ” ಎಂದ.

ಅವನ ಲೆಕ್ಕ ಸರಳವಾಗಿತ್ತು. ಸಿರುಗುಪ್ಪದ ಕಡೆ ಕಾಲುವೆ ನೀರಿನ ನೆಲ್ಲು. ದೇಶನೂರಿನಂಥ ಊರಿನಿಂದ ಬಳ್ಳಾರಿಗೆ ಬಂಡಿ ಬರುವಷ್ಟರಲ್ಲಿ ಹಗಲು ಮುಳುಗುತ್ತಿತ್ತು. ಲಾರಿ ಒಂದು ಎದ್ದು ನಿಂತರೆ ಕೂಲಿ ಬಿಟ್ಟು ನಮ್ಮದೇ ದುಡಿಮೆ ಮಾಡಬಹುದು. ಬೇವಿನ ಮರದ ಕೆಳಗೆ ಅದನ್ನು ನಿಲ್ಲಿಸಿ, ಶೆಡ್ಡಿನ ಕೆಲಸ ಬಿಟ್ಟು ರಿಪೇರಿಗೆ ಕೂತ. ಅವನ ಜೊತೆಗೆ ನಾನು ಮತ್ತು ಅತ್ತಿಗೆ.

ಅತ್ತಿಗೆ ಆದವಾನಿ ಕಡೆಯ ಹಳ್ಳಿಯವರು. ಆಗ ಅದೂ ನಮ್ಮ ಜಿಲ್ಲೆಯೇ. ಮನೆಮಾತು ತೆಲುಗು. ನಮ್ಮ ಮನೆಗೆ ಬಂದ ಮೇಲೆ ಕನ್ನಡ ಕಲಿತಿದ್ದರು. ಆದರೂ ನಗು ಬಂದರೆ, ಸಿಟ್ಟು ಬಂದರೆ, ಗಾಬರಿಯಾದರೆ ತೆಲುಗೇ ಮುಂದೆ ಬರುತ್ತಿತ್ತು. ಗಂಡನ ತಮ್ಮನಿಗೆ ಅವರ ಕಡೆ ಮರಿದಿ ಅನ್ನುತ್ತಾರೆ. ನನ್ನನ್ನು ಹಾಗೆಯೇ ಕರೆಯುತ್ತಿದ್ದರು. ನಾನೂ ಅತ್ತಿಗೆ ಅನ್ನದೆ, ಅವರ ಮಾತಿನಲ್ಲಿ ವದಿನಾ ಎಂದು ಕರೆಯುತ್ತಿದ್ದೆ. ಅಡುಗೆ ಒಲೆಯ ಮುಂದೆ ಕೂತು ಅವರ ಹತ್ತಿರ ತೆಲುಗು ಕಲಿತೆ. ಅವರ ಊರಿನ ಜಗಳಗಂಟಿ ಮುದುಕಿಯರ ಹಾಗೆ ನಾನು ಮಾತಾಡಿ ತೋರಿಸಿದರೆ ಸೆರಗು ಬಾಯಿಗೆ ಹಿಡಿದು ನಗುತ್ತಿದ್ದರು.

ಅವ್ವ ಊಟಕ್ಕೆ ಬಡಿಸುವಾಗ ಅತ್ತಿಗೆ “ಚಾಲು, ಚಾಲು” ಅನ್ನುತ್ತಿದ್ದರು. ತೆಲುಗಿನಲ್ಲಿ ಹಾಗೆಂದರೆ ಸಾಕು. ನಮ್ಮ ಮಾತಿನಲ್ಲಿ ಚಾಲು ಅಂದರೆ ಶುರು. ಅವ್ವ ಬೇಕೆಂದೇ ಇನ್ನೊಂದು ಸೌಟು ಅನ್ನ ಸುರಿದು, “ಚಾಲು ಮಾಡು ಅಂದಿ, ಮಾಡೀನಿ. ಉಣ್ಣು ಇನ್ನ!” ಎನ್ನುತ್ತಿದ್ದಳು. ಎಲ್ಲರೂ ನಗುತ್ತಿದ್ದೆವು. ದಿನಾ ಅದೇ ಹಾಸ್ಯ, ದಿನಾ ಅದೇ ನಗು.

ಲಾರಿಯ ತುಕ್ಕನ್ನು ನಾನು ಇಟ್ಟಿಗೆ ಚೂರಿನಿಂದ ಉಜ್ಜುತ್ತಿದ್ದೆ. ಅಣ್ಣ ಒಂದೊಂದೇ ನಟ್ಟು ಬಿಚ್ಚಿ ಸೀಮೆಎಣ್ಣೆಯ ಬೋಗುಣಿಗೆ ಹಾಕುತ್ತಿದ್ದ. ಅತ್ತಿಗೆ ಮನೆಗೆಲಸ ಮುಗಿಸಿ ಬಂದು ಕೂರುತ್ತಿದ್ದರು. ಪೆಟ್ರೋಲ್ ಬರುವ ಹಿತ್ತಾಳೆಯ ಸಾಮಾನುಗಳನ್ನು ಒಂದು ದಿನ ಹುಣಸೆಹಣ್ಣು ಹಚ್ಚಿ ತಿಕ್ಕಿ, ಪೂಜೆಯ ತಂಬಿಗೆಯ ಹಾಗೆ ಬೆಳಗಿ ಸಾಲಾಗಿ ಇಟ್ಟಿದ್ದರು.

ಅಣ್ಣ ಕೈಯಲ್ಲಿ ಹಿಡಿದು ನೋಡಿದ. “ಇದನ್ನ ಇಂಜಿನ್ನಿಗೆ ಹಾಕೂನೋ, ದೇವರ ಜಗಲಿ ಮ್ಯಾಲ ಇಡೂನೋ?”

“ಯಾವ ದೇವರು ಮೊದ್ಲು ಏಳ್ತಾನೋ ಅವನಿಗೆ ಇಡ್ರಿ” ಎಂದರು ಅತ್ತಿಗೆ.

ಸೀಟು ಹರಿದು ಸ್ಪ್ರಿಂಗ್ ಹೊರಬಂದಿತ್ತು. ಅದಕ್ಕೆ ಅವರೇ ಒಂದು ಕೌದಿ ಹೊಲಿದರು. ತಮ್ಮ ಮದುವೆಯ ಸೀರೆಯ ಒಂದು ಅಂಚನ್ನೂ ಅದರಲ್ಲಿ ಸೇರಿಸಿದ್ದರು. ಹೊಲಿಯುತ್ತ ಅಣ್ಣನಿಗೆ ಕರಾರು ಹಾಕಿದರು. “ಇದು ಎದ್ದ ದಿವಸ ಮೊದ್ಲು ನಮ್ಮಮ್ಮನ ಊರಿಗೆ ಹೋಗಬೇಕು. ನಾನು ಈ ಸೀಟಿನ್ಯಾಗ ಕುಂತು ಊರಾಗ ಇಳೀಬೇಕು. ಆಮ್ಯಾಗ ನಿಮ್ಮ ನೆಲ್ಲು ಗಿಲ್ಲು.”

“ಆತು ಮಹಾರಾಣಿ” ಎಂದ ಅಣ್ಣ.

ಆ ದಿನ ಕಿಡಿ ಸರಿಯಾಗಿ ಬರುತ್ತದೋ ಇಲ್ಲವೋ ನೋಡುತ್ತಿದ್ದೆವು. ನಾನು ಮುಂದೆ ನಿಂತು ಹ್ಯಾಂಡಲನ್ನು ಸ್ವಲ್ಪ ಸ್ವಲ್ಪವೇ ತಿರುವಬೇಕು. ಅಣ್ಣ ಬಾನೆಟ್ಟಿನೊಳಗೆ ತಲೆ ಹಾಕಿ ನೋಡಬೇಕು. ಅವನ ಕೈ ಎಲ್ಲಿದೆ ಎಂದು ನನಗೆ ಕಾಣುತ್ತಿರಲಿಲ್ಲ, ಬಾನೆಟ್ಟಿನೊಳಗಿನ ಅವನ ಮಾತೂ ಸರಿಯಾಗಿ ಕೇಳುತ್ತಿರಲಿಲ್ಲ. ಅದಕ್ಕೆ ಅತ್ತಿಗೆ ಪಕ್ಕದಲ್ಲಿ, ಇಬ್ಬರಿಗೂ ಕಾಣುವ ಹಾಗೆ ನಿಂತಿದ್ದರು. ‘ತಿರುವು’ ಅಂದರೆ ತಿರುವಬೇಕು, ‘ಸಾಕು’ ಅಂದರೆ ನಿಲ್ಲಿಸಬೇಕು. ಹೀಗೆ ಮಾತಾಗಿತ್ತು.

ಬೆಳಗಿನಿಂದ ಅದೇ ನಡೆದಿತ್ತು. ತಿರುವು, ಸಾಕು. ತಿರುವು, ಸಾಕು. ಬಿಸಿಲು ನೆತ್ತಿಗೆ ಬಂದಿತ್ತು. ಅಂಗೈಯಲ್ಲಿ ಗುಳ್ಳೆ ಎದ್ದು ಒಡೆದಿದ್ದವು. ನನಗೆ ಬೇಸರ, ಬೇಸರಕ್ಕಿಂತ ಹೆಚ್ಚಾಗಿ ಆತುರ. ಅಷ್ಟರಲ್ಲಿ ಹ್ಯಾಂಡಲಿನೊಳಗೆ ಏನೋ ಮಿಡಿದ ಹಾಗಾಯಿತು. ಸತ್ತಂತೆ ಬಿದ್ದಿದ್ದ ಇಂಜಿನ್ ಒಂದು ಸಲ ಕೆಮ್ಮಿತು. ಒಂದು ಜೋರಿನ ಸುತ್ತು ಕೊಟ್ಟರೆ ಎದ್ದೇಬಿಡುತ್ತದೆ, ಎಬ್ಬಿಸಿದವನು ನಾನೇ ಆಗುತ್ತೇನೆ ಅನ್ನಿಸಿತು.

ಒಳಗೆ ಫ್ಯಾನಿನ ಬೆಲ್ಟಿಗೆ ಒಂದು ಚಿಂದಿಬಟ್ಟೆ ಸಿಕ್ಕಿತ್ತಂತೆ. ಅದನ್ನು ತೆಗೆಯಲು ಅಣ್ಣ ಕೈ ಹಾಕಿದ. ಅತ್ತಿಗೆ ಅದನ್ನು ಕಂಡರು. ಗಾಬರಿಯಲ್ಲಿ ಅವರ ಬಾಯಿಗೆ ನಮ್ಮ ‘ಸಾಕು’ ಬರಲಿಲ್ಲ.

“ಚಾಲು! ಚಾಲು!” ಎಂದು ಕೂಗಿದರು.

ನಾನು ಬಲವನ್ನೆಲ್ಲ ಹಾಕಿ ಒಂದು ಪೂರ್ತಿ ಸುತ್ತು ಸುತ್ತಿದೆ.

ಇಲ್ಲಿ ನಾನು ಸ್ವಲ್ಪ ನಿಲ್ಲಬೇಕು... ಆ ಮಾತು ನನಗೆ ಶುರು ಎಂದು ಕೇಳಿಸಲಿಲ್ಲ. ದಿನಾ ಅನ್ನದ ಮುಂದೆ ಕೇಳಿದ ಮಾತು ಅದು. ಆ ಬಾಯಿಂದ ಬಂದ ಚಾಲು ಅಂದರೆ ಏನೆಂದು ನನಗಿಂತ ಚೆನ್ನಾಗಿ ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ನಿಲ್ಲಿಸು ಅನ್ನುತ್ತಿದ್ದಾರೆ ಎಂದು ತಿಳಿಯಿತು. ಇನ್ನೊಂದೇ ಒಂದು ಸುತ್ತು ಎಂದುಕೊಂಡೆ. ಅಷ್ಟೇ ಆದದ್ದು.

ಅಣ್ಣನ ಬಲಗೈ ಬೆಲ್ಟಿಗೂ ಅದು ಸುತ್ತುವ ಗಾಲಿಗೂ ನಡುವೆ ಸಿಕ್ಕಿಬಿತ್ತು. ಬಳ್ಳಾರಿಯ ಆಸ್ಪತ್ರೆಯಲ್ಲಿ ಎರಡು ಬೆರಳು ತೆಗೆದರು.

ಆಸ್ಪತ್ರೆಯಲ್ಲಿ ಕೈಗೆ ಬಟ್ಟೆ ಸುತ್ತಿಕೊಂಡು ಮಲಗಿದ್ದ ಅಣ್ಣ ಕೇಳಿದ. “ಅಕಿ ಸಾಕು ಅನ್ನಲಿಲ್ಲೇನ್ಲೇ? ನಿನಗ ಕೇಳಸಲಿಲ್ಲೇನು?”

“ಸಾಕು ಅನ್ನಲಿಲ್ಲಣ್ಣ. ಚಾಲು ಅಂದ್ರು” ಎಂದೆ.

ಅದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ. ಅದಕ್ಕೇ ಅದು ಇಷ್ಟು ವರ್ಷ ಬಾಳಿತು.

ಅವ್ವ ಅತ್ತಿಗೆಯ ಕಡೆ ತಿರುಗಿದಳು. “ಇಂಥಾ ಹೊತ್ತಿನ್ಯಾಗೂ ನಿನ್ನ ತೆಲುಗ ಬೇಕಾಗಿತ್ತೇನ? ಹುಡುಗ ಶುರು ಮಾಡು ಅಂದಂಗ ತಿಳಕೊಂಡಾನ, ಅವನ ತಪ್ಪೇನೈತಿ? ಇನ್ನ ಮ್ಯಾಲ ನನ್ನ ಮನ್ಯಾಗ ಆ ಮಾತು ಬ್ಯಾಡ.”

ಅತ್ತಿಗೆ ನನ್ನ ಮುಖ ನೋಡಿದರು. ಬೇರೆ ಯಾರನ್ನೂ ಅಲ್ಲ, ನನ್ನನ್ನೇ. ನಾನು ಏನಾದರೂ ಹೇಳುತ್ತೇನೆ ಎಂದು ಕಾಯುತ್ತಿದ್ದರು. ನಾನು ಅಣ್ಣನಿಗೆ ನೀರು ತರುತ್ತೇನೆಂದು ತಂಬಿಗೆ ಎತ್ತಿಕೊಂಡು ಹೊರಗೆ ಹೋದೆ.

ಲಾರಿ ಆಮೇಲೆ ಎದ್ದಿತು. ಅಣ್ಣನ ಜೊತೆ ಶೆಡ್ಡಿನಲ್ಲಿದ್ದ ಒಬ್ಬ ಬಂದು ಉಳಿದ ಕೆಲಸ ಮುಗಿಸಿಕೊಟ್ಟ. ಆದರೆ ಆ ಕೈಯಲ್ಲಿ ಅಣ್ಣನಿಗೆ ಸ್ಟೇರಿಂಗ್ ಬಿಗಿಯಾಗಿ ಹಿಡಿಯಲು ಆಗುತ್ತಿರಲಿಲ್ಲ. ಅವನಿಗೆಂದು ಎದ್ದ ಗಾಡಿಯನ್ನು ಓಡಿಸಿದವನು ನಾನು. ಕೌದಿಯ ಸೀಟಿನ ಮೇಲೆ ಕೂತು ಸಿರುಗುಪ್ಪದ ದಾರಿಯಲ್ಲಿ ನೆಲ್ಲು ಹೇರಿಕೊಂಡು ತಿರುಗಿದೆ. ಅಣ್ಣ ಪಕ್ಕದಲ್ಲಿ ಕೂತು, ಮಡಿಲಲ್ಲಿ ಕೈ ಇಟ್ಟುಕೊಂಡು ದಾರಿ ನೋಡುತ್ತಿದ್ದ. “ನಿಧಾನಕ ಹೋಗಲೇ, ಇಂಜಿನ್ ಬಿಸಿ ಆಗೈತಿ” ಎನ್ನುತ್ತಿದ್ದ. ನನ್ನನ್ನು ಅವನು ಒಂದು ದಿನವೂ ಬಯ್ಯಲಿಲ್ಲ. ಬಯ್ಯಬೇಕಾದವರು ಯಾರೆಂದು ಅವನಿಗೆ ನಾನೇ ಹೇಳಿಕೊಟ್ಟಿದ್ದೆನಲ್ಲ.

ಅತ್ತಿಗೆಯ ತವರಿಗೆ ಲಾರಿ ಹೋಗಲಿಲ್ಲ. ಒಮ್ಮೆ ನಾನೇ ಮಾತೆತ್ತಿದೆ. ಅಣ್ಣ, “ಯಾವ ಮುಖ ಇಟಗೊಂಡು ಹೋಗಲಿ? ನಿಮ್ಮ ಮಗಳ ಮಾತಿಗೆ ಬೆರಳು ಕೊಟ್ಟು ಬಂದೀನಿ ಅನ್ನಲೇನು?” ಎಂದ. ಅತ್ತಿಗೆ ಒಳಗೆ ರೊಟ್ಟಿ ಬಡಿಯುತ್ತಿದ್ದರು. ಬಡಿಯುವ ಸದ್ದು ನಿಂತು, ಮತ್ತೆ ಶುರುವಾಯಿತು.

ಬಳ್ಳಾರಿ ಕನ್ನಡದವರಿಗೋ ತೆಲುಗಿನವರಿಗೋ ಎಂಬ ಜಗಳ ಆಗ ಚಹಾದ ಅಂಗಡಿಗಳಲ್ಲೆಲ್ಲ ಕಾವೇರಿತ್ತು. ನಮ್ಮ ಮನೆಯ ಕಥೆ ಅದಕ್ಕೆ ಒಳ್ಳೆ ಒಗ್ಗರಣೆಯಾಯಿತು. “ತೆಲುಗಿನ ಮಾತು ಕೇಳಿದ್ರ ಬೆರಳು ಹೋಗ್ತಾವು, ಬೇಕಾದ್ರ ಇವರ ಅಣ್ಣನ್ನ ಕೇಳ್ರಿ” ಎಂದು ಒಬ್ಬ ನನ್ನ ಎದುರಿಗೇ ಅಂದ. ನಾನು ಚಹಾ ಕುಡಿದು ಎದ್ದು ಬಂದೆ. ಕೊನೆಗೆ ಜಿಲ್ಲೆ ಒಡೆಯಿತು. ನಾವು ಮೈಸೂರಿಗೆ, ಅತ್ತಿಗೆಯ ತವರು ಆಂಧ್ರಕ್ಕೆ. ಅವರಿಗೆ ಮಗ ಹುಟ್ಟಿ ಮಾತು ಬಂದಾಗ, “ಅಪ್ಪನ ಬೆರಳು ಎಲ್ಲಿ ಹೋದ್ವು?” ಎಂದು ಕೇಳುತ್ತಿದ್ದ. ಅವ್ವ ನಗುತ್ತಲೇ ಹೇಳುತ್ತಿದ್ದಳು. “ನಿಮ್ಮವ್ವನ ನಾಲಿಗಿ ತಿಂದೈತಿ.”

ಅತ್ತಿಗೆ ಮತ್ತೆ ನಮ್ಮ ಮನೆಯಲ್ಲಿ ತೆಲುಗು ಆಡಲಿಲ್ಲ. ನನ್ನನ್ನು ಮರಿದಿ ಎಂದು ಕರೆಯುವುದು ನಿಂತಿತು. ವದಿನಾ ಎಂದು ಕರೆಯುವ ಧೈರ್ಯ ನನಗೂ ಉಳಿಯಲಿಲ್ಲ. ಊಟದ ಹೊತ್ತಿನಲ್ಲಿ ಅವರು ಚಾಲು ಅನ್ನಲಿಲ್ಲ, ಸಾಕು ಅಂತಲೂ ಅನ್ನಲಿಲ್ಲ. ಬಡಿಸುವ ಸೌಟು ಹತ್ತಿರ ಬಂದರೆ ಎಲೆಯ ಮೇಲೆ ಅಂಗೈ ಅಡ್ಡ ಹಿಡಿಯುತ್ತಿದ್ದರು. ಬಾಯಿ ಇದ್ದೂ ಕೈಯಿಂದ ಮಾತು... ಮೊದಮೊದಲು ಆ ಕೈ ಕಂಡರೆ ನನಗೆ ಅನ್ನ ಇಳಿಯುತ್ತಿರಲಿಲ್ಲ. ಆಮೇಲೆ ಇಳಿಯಿತು. ಇದನ್ನೂ ಹೇಳಿಬಿಡಬೇಕು.

ಅಣ್ಣ ತೀರಿಹೋದ ಮೇಲೆ ಒಂದು ಸಂಜೆ ಅತ್ತಿಗೆ ಕಟ್ಟೆಯ ಮೇಲೆ ಕೂತು ಅಕ್ಕಿ ಆರಿಸುತ್ತಿದ್ದರು. ನಾನು ಪಕ್ಕದಲ್ಲಿ ಸುಮ್ಮನೆ ಕೂತಿದ್ದೆ. ಅಕ್ಕಿಯಿಂದ ಕಣ್ಣೆತ್ತದೆ, ಎಷ್ಟೋ ವರ್ಷದ ಮೇಲೆ ಆ ಹೆಸರು ಹಿಡಿದು ಕರೆದರು.

“ಮರಿದಿ, ನಿನಗ ತೆಲುಗ ಭಾಳ ಚೊಲೊ ಬರ್ತಿತ್ತು. ಯಾವಾಗ ಮರತಿ?”

ಕೋಪದ ದನಿಯಲ್ಲ. ಕಳೆದುಹೋದ ಸಾಮಾನೊಂದನ್ನು ಎಲ್ಲಿಟ್ಟೆ ಎಂದು ಕೇಳಿದ ಹಾಗೆ. ಅವರಿಗೆ ಎಲ್ಲ ಗೊತ್ತಿತ್ತು. ಆಸ್ಪತ್ರೆಯ ಆ ದಿನದಿಂದಲೇ ಗೊತ್ತಿತ್ತು. ನಾನು ಹೇಳಲೆಂದು ಕಾದರು. ಆಗಲೂ ನಾನು, “ವಯಸ್ಸಾತಲ್ರಿ ಅತ್ತಿಗಿ” ಎಂದು ಎದ್ದು ಬಂದೆ.

ದಿವಸದ ದಿನ ಅತ್ತಿಗೆಗೆ ಎಡೆ ಇಟ್ಟೆವು. ಅವರಿಗೆ ಇಷ್ಟವಾದದ್ದೆಲ್ಲ ಮಾಡಿದ್ದರು. ಮನೆಗೆ ಹಿರಿಯನೆಂದು ನನ್ನ ಕೈಗೇ ಅನ್ನದ ಪಾತ್ರೆ ಕೊಟ್ಟರು. ಒಂದು ಸೌಟು ಬಡಿಸಿದೆ. ಇನ್ನೊಂದು ಬಡಿಸಿದೆ. ಅಡ್ಡ ಬರುವ ಕೈಯ ದಾರಿ ನೋಡುತ್ತಿದ್ದೆನೋ ಏನೋ, ಬಡಿಸುತ್ತಲೇ ಹೋದೆ. ಅನ್ನ ಎಲೆ ತುಂಬಿ ನೆಲಕ್ಕೆ ಬಿತ್ತು.

“ಕಾಕಾ, ಸಾಕು ಬಿಡ್ರಿ” ಎಂದು ಅಣ್ಣನ ಮಗ ನನ್ನ ಕೈ ಹಿಡಿದ.

ಅವನ ಮುಖ ನೋಡಿದೆ. ಅಪ್ಪನ ಬೆರಳನ್ನು ಅವ್ವನ ನಾಲಿಗೆ ತಿಂದಿತೆಂದು ಕೇಳಿ ಬೆಳೆದ ಹುಡುಗ. ಈಗ ಅವನ ತಲೆಯೂ ನರೆತಿದೆ. ಸೌಟು ಕೆಳಗಿಟ್ಟೆ. ಬಂದವರೆಲ್ಲ ಕೇಳುವ ಹಾಗೆ ಹೇಳಿದೆ. “ನಿಮ್ಮವ್ವ ಅವತ್ತು ನಿಲ್ಲಸು ಅಂದಿದ್ಲಪ್ಪಾ. ನನಗ ತಿಳಿದಿತ್ತು. ತಿಳಿದೂ ತಿರುವಿದೆ. ನಿಮ್ಮಪ್ಪನ ಬೆರಳು ತಗದಾಂವ ನಾನು, ನಿಮ್ಮವ್ವನ ಮಾತಲ್ಲ.”

ಅವನ ಕೈ ನನ್ನ ಕೈಯ ಮೇಲಿಂದ ಮೆಲ್ಲಗೆ ಸರಿಯಿತು. ಅದು ನ್ಯಾಯವೇ.

ಅದು ಅವನಿಗೆ ಹೇಳಿದ್ದು. ಅವರಿಗೆ ಹೇಳುವುದು ಉಳಿದಿತ್ತು. ಎಡೆಯ ಮುಂದೆ ಮಂಡಿಯೂರಿ, ಆ ಮನೆಯಲ್ಲಿ ನನ್ನಿಂದ ನಿಂತುಹೋದ ಅವರ ಮಾತಿನಲ್ಲೇ ಹೇಳಿದೆ.

“ತಪ್ಪು ನಾದೇ, ವದಿನಾ.”